ಬೆರಳಷ್ಟು ವಾಲಿದ ಗೋಡೆ

ಒಂದು ಕಡೆ ಕಾಲೂರಿ ನಿಲ್ಲುವುದು ನನ್ನ ಜಾತಕದಲ್ಲೇ ಇಲ್ಲ. ಊಟಕ್ಕೆ ಕೂತರೆ ಎರಡನೇ ಮುದ್ದೆ ಬರುವಷ್ಟರಲ್ಲಿ ಎದ್ದು ಹೋಗಿ ಬಾಗಿಲ ಚಿಲಕ ಅಲ್ಲಾಡಿಸಿ ನೋಡಿ ಬರುತ್ತೇನೆ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರೆ ನಾನು ಸ್ಕೂಲಿನ ಗೋಡೆಯ ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡುತ್ತಿದ್ದೆ. "ಗೋಡೇನೇ ನೋಡೋದಾದ್ರೆ ಆಚೆಯಿಂದ ನೋಡೋಗ್ಲಾ" ಅಂದರು. ಆಚೆ ಹೋದವನು ಮತ್ತೆ ಒಳಗೆ ಬರಲಿಲ್ಲ. ಹೆಮ್ಮರಗಾಲದ ಸೋದರಮಾವನ ಹಿಂದೆ ಗಾರೆ ಕಲಸಿ, ಇಟ್ಟಿಗೆ ಹೊತ್ತು, ಕೊನೆಗೆ ಕರಣೆ ಹಿಡಿದು ಮೇಸ್ತ್ರಿ ಅನ್ನಿಸಿಕೊಂಡೆ. ಓದಿದವರಿಗೆ ಸರ್ಟಿಫಿಕೇಟು ಇದ್ದಂತೆ ನನಗೆ ದಾರಕ್ಕೆ ಕಟ್ಟಿದ ತೂಕದ ಗುಂಡು. ಗೋಡೆಯ ಪಕ್ಕ ಇಳಿಬಿಟ್ಟರೆ ನೆಟ್ಟಗಿದೆಯೋ ವಾಲಿದೆಯೋ ಹೇಳಿಬಿಡುತ್ತದೆ, ಅದರ ಮುಂದೆ ಯಾರ ಶಿಫಾರಸೂ ನಡೆಯುವುದಿಲ್ಲ. ನಾನು ಕಟ್ಟಿದ ಗೋಡೆಯ ಮೇಲೆ ಅದು ಯಾವತ್ತೂ ಚಾಡಿ ಹೇಳಿದ್ದಿಲ್ಲ.

ಇಷ್ಟೆಲ್ಲ ಜಂಭ ಕೊಚ್ಚಿಕೊಳ್ಳುವವನು ನಂಜನಗೂಡಿನಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಆ ಮನೆಯ ಗೋಡೆಗೆ ಒರಗಿದರೆ ಬೆನ್ನಿಗೆ ಸುಣ್ಣದ ಜೊತೆ ಮಣ್ಣೂ ಬರುತ್ತಿತ್ತು. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ, ಊರಾಚೆ ಮನೆಯಿಲ್ಲದವರಿಗೆ ಸೈಟು ಹಂಚುತ್ತಾರೆ ಅಂತ ಸುದ್ದಿಯಾಯಿತು. ನನ್ನ ಹೆಂಡತಿ ಶಿವಮ್ಮ ಅರ್ಜಿ ಹಾಕಿಸಿದಳು, ಚೀಟಿ ಎತ್ತಿದಾಗ ನಮ್ಮ ಹೆಸರು ಬಂತು. ಒಂದು ಹಾಲು, ಒಂದು ಅಡುಗೆಮನೆ, ಮೇಲೆ ಹೆಂಚು. ಎಲ್ಲರದ್ದೂ ಒಂದೇ ನಕ್ಷೆ. ಪಾಯ, ಬಾಗಿಲೆತ್ತರ, ಚಾವಣಿ ಆದ ಹಾಗೆಲ್ಲ ಎಂಜಿನಿಯರು ಬಂದು ಮನೆಯ ಮುಂದೆ ಯಜಮಾನನನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಯುಗಾದಿಯೊಳಗೆ ಚಾವಣಿ ಕೂರದಿದ್ದರೆ ಹಕ್ಕುಪತ್ರ ವಾಪಸ್ಸು, ಸೈಟು ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ.

ಬೇರೆಯವರು ಹೇಗೋ ಕಟ್ಟಿ ಮುಗಿಸಿದರು. ಸಂಜೆ ಆ ಸಾಲಿನಲ್ಲಿ ನಡೆದುಹೋಗುವಾಗ ಸೊಟ್ಟ ಬಾಗಿಲು ಕಂಡರೆ ನನಗೆ ಕಣ್ಣಿಗೆ ಹುಳ ಬಿದ್ದ ಹಾಗೆ. "ತಗೀರಿ ಅದ್ನ" ಅಂತ ಕೀಳಿಸಿ ನಾನೇ ನೆಟ್ಟಗೆ ನಿಲ್ಲಿಸಿಕೊಡುತ್ತಿದ್ದೆ. ಕೂಲಿ ಕೇಳುತ್ತಿರಲಿಲ್ಲ. ಕೆಲಸ ಮಾಡುತ್ತಿದ್ದದ್ದು ಅವರಿಗಾಗಿ ಅಲ್ಲ, ನನ್ನ ಕಣ್ಣಿನ ನೆಮ್ಮದಿಗೆ. ನನ್ನ ಮನೆಯದ್ದು ಮಾತ್ರ ಬೇರೆ ಕಥೆ. ಮೇಸ್ತ್ರಿಯ ಸ್ವಂತ ಮನೆ ಅಂದರೆ ಸುಮ್ಮನೆಯೇ? ಪಾಯದ ಮೂಲೆ ಕೂಡಲಿಲ್ಲವೆಂದು ಒಮ್ಮೆ ಕಿತ್ತೆ. ಗೋಡೆ ಎದೆಮಟ್ಟ ಬಂದ ಮೇಲೆ ಒಂದು ನೂಲಿನಷ್ಟು ಉಬ್ಬಿದೆ ಅನ್ನಿಸಿ ಒದ್ದು ಬೀಳಿಸಿದೆ. "ಕಂಡೋರ ಮನೆ ದಿನಕ್ಕೊಂದು ಗೋಡೆ ಎಬ್ಬುಸ್ತೀರ, ನಮ್ಮನೆ ದಿನಕ್ಕೊಂದು ಬೀಳುಸ್ತೀರ" ಅಂದಳು ಶಿವಮ್ಮ. "ನಿಮ್ಗೆ ಮನೆ ಬೇಕೋ, ತೂಕದ ಗುಂಡು ಬೇಕೋ ಹೇಳ್ಬುಡಿ." ಪಕ್ಕದ ಮನೆಯ ಚಿಕ್ಕತಾಯಮ್ಮ, ಬಸ್‌ಸ್ಟ್ಯಾಂಡಿನಲ್ಲಿ ಸೌತೆಕಾಯಿ ಮಾರುವವಳು, ಉಪಾಯ ಹೇಳಿಕೊಟ್ಟಳು. "ನಮ್ಮನೆ ಮುಂದ್ಕೇ ನಿಂತ್ಕಳಿ ಮೇಸ್ತ್ರಿ. ಎಲ್ಲಾ ಒಂದೇ ಥರ ಅವೆ. ಫೋಟೋದಲ್ಲಿ ಯಾರ್ಗೆ ಗೊತ್ತಾದದು?" ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನೊಬ್ಬರ ಮನೆ ಮುಂದೆ ಯಜಮಾನನಂತೆ ನಿಲ್ಲುವುದೇ! ಅದೂ ಕಿಟಕಿ ಸೊಟ್ಟಗಿರುವ ಮನೆ!

ಅಷ್ಟರಲ್ಲಿ ತಿ. ನರಸೀಪುರದ ಕಡೆ, ಸೋಸಲೆಯಲ್ಲಿ, ಗೌಡರೊಬ್ಬರ ಮನೆ ಕೆಲಸ. ಯುಗಾದಿಗೆ ಮುಂಚೆ ಅವರ ಗೃಹಪ್ರವೇಶ, ಮಾತು ಕೊಟ್ಟಾಗಿತ್ತು. ಹೋದೆ. ಕೈ ಸೋಸಲೆಯಲ್ಲಿ, ತಲೆ ನಂಜನಗೂಡಿನಲ್ಲಿ. ಅಲ್ಲಿ ಒಂದು ವರಸೆ ಇಟ್ಟಿಗೆ ಇಟ್ಟರೆ ಇಲ್ಲಿ ಒಂದು ದಿನ ಕಳೆಯಿತಲ್ಲ ಅಂತ ಸಂಕಟ. ಬಸ್ಸಿನ ಹಾರನ್ ಕೇಳಿದಾಗೆಲ್ಲ ಸಾರುವೆಯ ಮೇಲಿಂದ ಕತ್ತು ಚಾಚುತ್ತಿದ್ದೆ. ಗೌಡರು ಕೆಳಗೆ ನಿಂತು, "ಏನ್ ಮೇಸ್ತ್ರಿ, ಗೋಡೆ ಕಟ್ತಾ ಇದ್ದೀಯೋ, ಬಸ್ ಕಾಯ್ತಾ ಇದ್ದೀಯೋ?" ಅಂದರು. "ಎರಡೂವೆ ಸಾ" ಅಂದೆ. ಸುಳ್ಳೇನಲ್ಲ.

ಕೆಲಸ ಮುಗಿಸಿ ಯುಗಾದಿಗೆ ಎರಡು ದಿನ ಇದೆ ಅನ್ನುವಾಗ ಬಂದಿಳಿದೆ. ಸೈಟು ಕೈಬಿಟ್ಟಿತು, ಶಿವಮ್ಮನ ಮುಖ ಹೇಗೆ ನೋಡುವುದು ಅಂತ ಕಾಲೆಳೆದುಕೊಂಡು ಬಂದರೆ, ನನ್ನ ಸೈಟಿನಲ್ಲಿ ಮನೆ! ಹೆಂಚು ಹೊದ್ದ ಮನೆ! ಸಾಲು ತಪ್ಪಿ ಬಂದೆನೇನೋ ಅಂತ ಹಿಂದಕ್ಕೆ ಹೋಗಿ ಮತ್ತೆ ಎಣಿಸಿಕೊಂಡು ಬಂದೆ. ನಮ್ಮದೇ. ಬೀದಿಯವರೆಲ್ಲ ಸೇರಿ ಕಟ್ಟಿದ್ದರು. ಹೆಂಗಸರು ನೀರು ಹೊತ್ತು ಮರಳು ಜರಡಿ ಹಿಡಿದರೆ, ಬಸ್ ಕ್ಲೀನರ್ ಸಿದ್ದ ಕರಣೆ ಹಿಡಿದಿದ್ದ. ಅವನು ಅದುವರೆಗೆ ಹಿಡಿದಿದ್ದದ್ದು ಬಸ್ಸಿನ ಹಿಂದಿನ ಏಣಿ ಮಾತ್ರ.

ನಾನು ಜೇಬಿನಿಂದ ದಾರ ತೆಗೆದು ಗುಂಡು ಇಳಿಬಿಟ್ಟೆ. ಹಾಲಿನ ಗೋಡೆ ಒಂದು ಬೆರಳು ಒಳಕ್ಕೆ ವಾಲಿತ್ತು. ಬೀಳುವಂಥದ್ದಲ್ಲ, ನೂರು ವರ್ಷ ನಿಲ್ಲುವಂಥದ್ದೇ. ಆದರೆ ವಾಲಿತ್ತು! ಕೈ ತಾನಾಗಿಯೇ ಹಾರೆ ಹುಡುಕಿತು. ಶಿವಮ್ಮ ಬಂದು ಆ ಗೋಡೆಗೇ ಬೆನ್ನು ಕೊಟ್ಟು ಕಾಲು ಚಾಚಿ ಕೂತಳು. "ಕೆಡವಿ. ಅಂಗೇ ನನ್ ತಲೆ ಮೇಲೇ ಬೀಳ್ಲಿ." ಹಿಂದೆಯೇ ಬಂದ ಚಿಕ್ಕತಾಯಮ್ಮ ಹೇಳಿದಳು: "ಮೇಸ್ತ್ರಿ, ನೀವು ನಮ್ಮನೆ ಬಾಕ್ಲು ನಿಲ್ಲುಸ್ಕೊಟ್ರಲ್ಲ, ಅದ್ರ ಮುಯ್ಯಿ ಕಣ್ರೀ ಇದು. ಮುಯ್ಯಾಳು ಮಾಡಿದ್ ಗೇಯ್ಮೆ ಯಾರಾರ ಕೆಡುಗ್ತಾರಾ?" ನಾಟಿಗೆ, ಕಳೆಗೆ ಒಬ್ಬರ ಗದ್ದೆಗೆ ಒಬ್ಬರು ಮುಯ್ಯಾಳು ಹೋಗುವ ಊರಲ್ಲಿ ಬೆಳೆದವನು ನಾನು. ಮುಯ್ಯಾಳು ನೆಟ್ಟ ಪೈರು ಸಾಲು ತಪ್ಪಿದೆ ಅಂತ ಯಾರೂ ಕಿತ್ತದ್ದನ್ನು ಕಂಡಿಲ್ಲ. ಕಿತ್ತರೆ ಮರುವರ್ಷ ಗದ್ದೆಗೆ ನಾಯಿಯೂ ಇಳಿಯುವುದಿಲ್ಲ. ಹಾರೆ ಕೆಳಗಿಟ್ಟೆ. ಸಿದ್ದ ಬಾಗಿಲ ಬಳಿ ನಿಂತು ಹಲ್ಲು ಕಿರಿಯುತ್ತಾ, "ಎಂಗದೆ ಅಣ್ಣೋ?" ಅಂದ. "ನೆಟ್ಟಗದೆ ಬುಡು" ಅಂದೆ. ನನ್ನ ಜೀವಮಾನದಲ್ಲಿ ಒಂದು ಗೋಡೆಯ ಬಗ್ಗೆ ಹೇಳಿದ ಮೊದಲ ಸುಳ್ಳು.

ಮಾರನೇ ದಿನ ಎಂಜಿನಿಯರು ಬಂದರು. ಮನೆ ಮುಂದೆ ನಿಂತೆ. "ಮೇಸ್ತ್ರಿ, ಯಾಕ್ರೀ ಒಂದು ಕಡೆಗೆ ವಾಲಿದ್ದೀರಿ? ನೆಟ್ಟಗೆ ನಿಂತ್ಕೊಳ್ಳಿ" ಅಂದರು. ಬೀದಿಯೆಲ್ಲ ನಕ್ಕಿತು. ಹಕ್ಕುಪತ್ರ ನಮ್ಮಲ್ಲೇ ಉಳಿಯಿತು, ಹಬ್ಬದ ದಿನ ಹಾಲು ಉಕ್ಕಿತು.

ಗಿಲಾವು ಮಾಡುವಾಗ ಮೇಲೆ ತೆಳುವಾಗಿ ಕೆಳಗೆ ದಪ್ಪವಾಗಿ ಬಳಿದು ವಾಲಿದ್ದನ್ನು ಮುಚ್ಚಿಬಿಡೋಣ ಅಂತಿದ್ದೆ. ಶಿವಮ್ಮ ಬಿಡಲಿಲ್ಲ, "ಸಿದ್ದ ಕಟ್ಟಿದ್ದು ಸಿದ್ದ ಕಟ್ಟಿದಂಗೇ ಇರ್ಲಿ" ಅಂದಳು. ಸಾಲದ್ದಕ್ಕೆ ಅದೇ ಗೋಡೆಗೆ ಮೊಳೆ ಹೊಡೆದು ಕ್ಯಾಲೆಂಡರ್ ನೇತುಹಾಕಿದಳು. ಗೋಡೆ ವಾಲಿದರೂ ಕ್ಯಾಲೆಂಡರ್ ವಾಲುತ್ತದೆಯೇ? ಅದು ನೆಟ್ಟಗೆ ಇಳಿಬಿದ್ದು, ಕೆಳಗೆ ಗೋಡೆಗೂ ತನಗೂ ನಡುವೆ ಸಂದು ಬಿಟ್ಟು, ಬಂದವರಿಗೆಲ್ಲ ಸಾಕ್ಷಿ ಹೇಳುತ್ತದೆ. ಹಾಗಾಗಿ ಯಾರಾದರೂ ಮನೆ ಕಟ್ಟಿಸುವ ವಿಚಾರ ಮಾತಾಡಲು ಬಂದರೆ ನಾನು ಕೂರುವುದಿಲ್ಲ. ಎಷ್ಟು ಹೊತ್ತಾದರೂ ಸರಿ, ಕ್ಯಾಲೆಂಡರಿಗೆ ಬೆನ್ನು ಒತ್ತಿ ನಿಂತಿರುತ್ತೇನೆ. ಬಂದವರು ಮೇಸ್ತ್ರಿಗೆ ಎಷ್ಟು ವಿನಯ ಅಂದುಕೊಂಡು ಹೋಗುತ್ತಾರೆ. ಜಾತಕದಲ್ಲಿ ಇಲ್ಲದ್ದನ್ನು ಸಿದ್ದನ ಗೋಡೆ ಕಲಿಸಿತು ನೋಡಿ, ಒಂದೇ ಕಡೆ ಕಾಲೂರಿ ನಿಲ್ಲುವುದನ್ನು.