ದೂರದ ಗ್ರಹ, ಗೋಡೆಯಾಚೆಯ ಒಗ್ಗರಣೆ

ನಾಲ್ಕು ಜನರೆದುರು ಬಾಯಿ ಬಿಡಲು ನಾಚುವವಳು ನಾನು. ಓದು ಮೆಟ್ರಿಯ ಶಾಲೆಯಲ್ಲಿ ಏಳನೆಯ ತರಗತಿಗೇ ಮುಗಿಯಿತು. ಆದ್ದರಿಂದ ಮೊಮ್ಮಕ್ಕಳೇ, ವಿಜ್ಞಾನದ ಬಗ್ಗೆ ಅಜ್ಜಿ ಬರೆದದ್ದನ್ನು ನಿಮ್ಮ ಮೇಷ್ಟ್ರಿಗೆ ತೋರಿಸಬೇಡಿ.

ಮೊನ್ನೆ ಹೊಸಪೇಟೆಯಿಂದ ಕಂಪ್ಲಿಗೆ ಬಂದ ನಿಮ್ಮ ಶ್ರುತಿ ಅಕ್ಕ, ನನ್ನ ಜೊತೆ ಶೇಂಗಾ ಸುಲಿಯುತ್ತಾ ಒಂದು ಸಂಗತಿ ಹೇಳಿದಳು. ಎಷ್ಟೋ ದೂರದ ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋಗುವಾಗ, ಅದರ ಗಾಳಿಯನ್ನು ತೂರಿ ಬಂದ ಬೆಳಕಿನಲ್ಲಿ ಕೆಲವು ಬಣ್ಣಗಳು ಮಂಕಾಗುತ್ತವಂತೆ. ಅದನ್ನು ನೋಡಿ ಅಲ್ಲಿ ಯಾವ ಅನಿಲವಿದೆ ಎಂದು ಗುರುತಿಸುತ್ತಾರಂತೆ. ನಮ್ಮ ಸಮುದ್ರದ ಸಣ್ಣ ಜೀವಿಗಳಿಂದ ಹುಟ್ಟುವಂಥ ಅನಿಲ ಅಲ್ಲೂ ಕಂಡರೆ, ಜೀವವಿರಬಹುದೆಂಬ ಆಸೆ. ಖರೇನ ಇದೆಯೇ ಎಂದು ಕೇಳಿದೆ. "ಇರಬೌದಜ್ಜಿ. ಆದ್ರ ಜೀವ ಇಲ್ದನೂ ಅದು ಹುಟ್ಟಬೌದು. ಅದ್ಕ ಜಲ್ದಿ ಹೇಳಂಗಿಲ್ಲ" ಎಂದಳು.

ಜಲ್ದಿ ತೀರ್ಮಾನ ಮಾಡಿ ಕೆಟ್ಟವಳು ನಾನೇ.

ನಮ್ಮ ಮನೆಗೂ ನೆಗೆಣ್ಣಿ ಗಂಗವ್ವನ ಮನೆಗೂ, ಅಂದರೆ ನಿಮ್ಮ ಅಜ್ಜನ ತಮ್ಮನ ಹೆಂಡತಿಯ ಮನೆಗೂ, ನಡುವೆ ಒಂದೇ ಗೋಡೆ. ಹೋದ ವರ್ಷ ಬಸುರಿಯೊಬ್ಬಳ ಕುಬುಸದ ಊಟದಲ್ಲಿ, ಎಂದೂ ಮಾತಾಡದ ನಾನು ಬಾಯಿ ತೆರೆದು, ಗಂಗವ್ವನ ಹೋಳಿಗೆ ಗಟ್ಟಿಯಾಗಿದೆ ಎಂದುಬಿಟ್ಟೆ. ಅಂದಿನಿಂದ ಮಾತು ನಿಂತಿತು. ಮಾತು ನಿಂತರೂ ವಾಸನೆ ನಿಲ್ಲುವುದಿಲ್ಲವಲ್ಲ. ಬೆಳಿಗ್ಗೆ ಬೆಳ್ಳುಳ್ಳಿ ಒಗ್ಗರಣೆ ಮೂಗಿಗೆ ಬಂದರೆ ಅವಳು ಆರಾಮಾಗಿದ್ದಾಳೆ ಎಂದು ತಿಳಿದುಕೊಳ್ಳುತ್ತಿದ್ದೆ. ಒಮ್ಮೆ ಎರಡು ದಿನ ಏನೂ ಬರಲಿಲ್ಲ. ನನಗೆ ಅನ್ನ ಇಳಿಯಲಿಲ್ಲ. ಹೋಗಿ ಕೇಳಲು ಕಾಲೂ ಏಳಲಿಲ್ಲ. ನಿಮ್ಮ ಅಜ್ಜ ಇದ್ದಿದ್ದರೆ ಅವರನ್ನೇ ಕಳಿಸುತ್ತಿದ್ದೆ. ಮೂರನೆಯ ದಿನ ಘಮ್ಮೆಂದು ಬಂತು: ಅದೇ ಬೆಳ್ಳುಳ್ಳಿ, ಅದೇ ತುಸು ಹೊತ್ತಿದ ಸಾಸಿವೆ. ಸದ್ಯ ಎಂದು ಒಂದು ರೊಟ್ಟಿ ಹೆಚ್ಚೇ ತಿಂದೆ.

ಸಂಜೆ ಬಾಗಿಲಲ್ಲಿ ಗಂಗವ್ವನ ಮಗಳು, ಸಂಡೂರಿಗೆ ಕೊಟ್ಟವಳು, ನಿಂತಿದ್ದಳು. "ದೊಡ್ಡವ್ವಾ, ಅವ್ವಗ ಮೂರು ದಿನದಿಂದ ಜ್ವರ. ನಿಮ್ನ ಕೇಳಾಕತ್ಯಾಳ."

ಒಗ್ಗರಣೆ ಹಾಕಿದ್ದು ಇವಳು. ನಮ್ಮ ಅತ್ತೆ ನಮ್ಮಿಬ್ಬರಿಗೂ ಕಲಿಸಿದ್ದನ್ನು ಗಂಗವ್ವ ಮಗಳಿಗೂ ಹಾಗೇ ದಾಟಿಸಿದ್ದಳು, ಸಾಸಿವೆ ಹೊತ್ತಿಸುವುದನ್ನೂ ಬಿಡದೆ.

ಹೋಗಿ ಅವಳ ತಲೆಯ ಹತ್ತಿರ ಕುಳಿತೆ. ವಾಸನೆ ಹಿಡಿದು ಮೋಸ ಹೋದದ್ದನ್ನು ಒಪ್ಪಿಕೊಂಡೆ. ಗಂಗವ್ವ ಕಣ್ಣು ಮುಚ್ಚಿಕೊಂಡೇ ಹೇಳಿದಳು: "ಅಲ್ಲಕ್ಕಾ, ಬಾಗ್ಲ ಹತ್ತೇ ಹೆಜ್ಜಿ ಇತ್ತು."

ವಿಜ್ಞಾನಿಗಳು ಆ ಗ್ರಹಕ್ಕೆ ಹೋಗಲಾರದೆ ಬೆಳಕು ನೋಡುತ್ತಾರೆ. ನನಗೆ ಏನು ಅಡ್ಡವಿತ್ತು? ಈಗ ದಿನವೂ ಅವಳ ಮನೆಗೇ ಹೋಗಿ, ಏನು ಅಡುಗೆ ಎಂದು ಕೇಳುತ್ತೇನೆ. ಆದರೂ ನನ್ನ ಮೂಗು ಅಷ್ಟರಲ್ಲಾಗಲೇ ತೀರ್ಪು ಕೊಟ್ಟಿರುತ್ತದೆ. ವಾರಕ್ಕೆರಡು ಸಲ ತಪ್ಪುತ್ತದೆ.