ಸ್ವಂತ ಕೈಬರಹದ ಅರ್ಜಿ

ಗುಮಾಸ್ತರು: ಆಗೋದಿಲ್ಲ ಅಂದ್ರೆ ಆಗೋದಿಲ್ಲಮ್ಮ. ನೀವು ಬರೆದು ತಂದದ್ದು ನಡೆಯಲ್ಲ, ಅರ್ಜಿ ಮಗುವಿನ ಸ್ವಂತ ಕೈಬರಹದಲ್ಲೇ ಇರಬೇಕು.

ತಾಯಿ: ಅರ್ಜಿ ಯಾತಕ್ಕೆ ಅನ್ನೋದನ್ನಾದ್ರೂ ಓದಿದ್ರಾ ಸಾರ್?

ಗುಮಾಸ್ತರು: ಓದದೇ ಏನು? ಪರೀಕ್ಷೇಲಿ ಇವಳಿಗೆ ಬರೆಯೋಕೆ ಆಗಲ್ಲ. ಇವಳು ಬಾಯಲ್ಲಿ ಹೇಳಿದ್ದನ್ನ ಬರೆಯೋಕೆ ಒಬ್ಬರು ಬೇಕು. ಒಂದು ಗಂಟೆ ಹೆಚ್ಚಿಗೆ ಬೇಕು. ಅಷ್ಟೇ ತಾನೆ?

ತಾಯಿ: ಬರೆಯೋಕೆ ಆಗಲ್ಲ ಅನ್ನೋದನ್ನ ಅವಳೇ ಬರೆದು ಕೊಡಬೇಕಾ?

ಗುಮಾಸ್ತರು: ಮತ್ತೆ? ಒಂದು ಪುಟಕ್ಕೆ ಕಮ್ಮಿ ಇಲ್ಲದ ಹಾಗೆ, ದುಂಡಗೆ. ಚಿತ್ತುಕಾಟು ಇರಬಾರದು.

(ಶಾಲೆಯ ಕಚೇರಿ. ಮೇಜಿನ ಮೇಲೆ ಕಡತಗಳ ಗುಡ್ಡೆ, ಗುಡ್ಡೆಯ ಹಿಂದೆ ಗುಮಾಸ್ತರ ತಲೆ. ತಾಯಿ ಬಟ್ಟೆ ಹೊಲಿಯುವವಳು. ಅಂಗಡಿಯಿಂದ ಓಡಿಬಂದ ಭರಕ್ಕೆ ಅಳತೆ ಟೇಪು ಕೊರಳಲ್ಲೇ ಉಳಿದಿದೆ. ಬೆಂಚಿನ ಮೇಲೆ ಹನ್ನೆರಡು ವರ್ಷದ ಮಗಳು. ಕೇಳಿದರೆ ಅರಳು ಹುರಿದ ಹಾಗೆ ಪಾಠ ಒಪ್ಪಿಸುತ್ತಾಳೆ, ಪೆನ್ನು ಹಿಡಿದರೆ ಅಕ್ಷರಗಳು ಜಾಗ ಬದಲಿಸುತ್ತವೆ. ಡಾಕ್ಟರು ಪರೀಕ್ಷಿಸಿ ಡಿಸ್ಲೆಕ್ಸಿಯಾ ಎಂದು ಸರ್ಟಿಫಿಕೇಟು ಕೊಟ್ಟಿದ್ದಾರೆ. ಸೋಮವಾರ ಪರೀಕ್ಷೆ, ಅರ್ಜಿಗೆ ಇವತ್ತೇ ಕೊನೆ. ಹೋದ ವರ್ಷ ಫೇಲಾಗಿದ್ದಾಳೆ. ಈ ಸಲವೂ ಆದರೆ ಶಾಲೆ ಬಿಡಿಸಿ ಎಂದು ಶಾಲೆಯವರು ಆಗಲೇ ಹೇಳಿದ್ದಾರೆ.)

ಗುಮಾಸ್ತರು: ನನ್ನ ಕೇಳಿದ್ರೆ, ಅಕ್ಷರ ತಿದ್ದೋಕೆ ದಿನಾ ಎರಡು ಪುಟ ಕಾಪಿ ಬರೆಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ತಾಯಿ: ಹಂಗಾದ್ರೆ ಕಣ್ಣು ಕಾಣದ ಮಕ್ಕಳಿಗೆ ಏನಂತೀರಿ? ಸ್ವಲ್ಪ ಕಣ್ಣರಳಿಸಿ ನೋಡಿ ಅಂತೀರಾ?

ಗುಮಾಸ್ತರು: ಛೆ ಛೆ, ಅವರ ನಿಯಮಾನೇ ಬೇರೆ. ಹೊರಗಡೆ ಬೋರ್ಡಿಗೆ ಅಂಟಿಸಿದೀವಿ. ಬಂದು ಓದ್ಕೋಬೇಕು.

ಮಗಳು: ಸಾರ್, ನಡೆಯೋಕೆ ಆಗದವರದ್ದು?

ಗುಮಾಸ್ತರು: ಅದು ಮೂರನೇ ಮಹಡೀಲಿ ಸಿಗುತ್ತೆ.

(ಇಷ್ಟನ್ನೂ ಅವರು ನಗದೆ ಹೇಳಿದರು. ನಗು ಬಂದಿದ್ದರೆ ಆ ಕುರ್ಚಿಯಲ್ಲಿ ಅಷ್ಟು ವರ್ಷ ಬಾಳುತ್ತಿರಲಿಲ್ಲ.)

ಗುಮಾಸ್ತರು: ನೋಡಿಮ್ಮ, ಹನ್ನೊಂದು ವರ್ಷದಿಂದ ಈ ಶಾಲೇಲಿ ಬರೆಯೋಕೆ ಕಷ್ಟ ಇರೋ ಮಗು ಒಂದೇ ಒಂದಿಲ್ಲ. ಬೇಕಾದ್ರೆ ರಿಜಿಸ್ಟರ್ ತೋರಿಸ್ತೀನಿ.

ತಾಯಿ: ಒಂದೂ ಇಲ್ವಾ?

ಗುಮಾಸ್ತರು: ಹೆಂಗಿರುತ್ತೆ? ಅರ್ಜಿ ಬರೆದು ಕೊಟ್ಟವರಿಗೆ ಬರೆಯೋಕೆ ಬರುತ್ತೆ ಅಂತಾಯ್ತು, ಅವರದ್ದು ಬಾಯಲ್ಲೇ ತಿರಸ್ಕಾರ. ಬರೆಯೋಕೆ ಆಗದವರು ಅರ್ಜೀನೇ ಕೊಟ್ಟಿಲ್ಲ.

ತಾಯಿ: ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ!

ಗುಮಾಸ್ತರು: ಮದುವೆ ಮಾತೆಲ್ಲ ಇಲ್ಲಿ ಬೇಡಿ. ಮಗು ಕೂತಿದೆ.

(ತಾಯಿ ಚೀಲದಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು.)

ತಾಯಿ: ತಗೊಳ್ಳಿ, ಬರೆದಿದ್ದಾಳೆ. ನಾಲ್ಕು ಸಾಲು. ಮೂರು ಗಂಟೆ ಕೂತಿದ್ಲು. ಮಧ್ಯೆ ಎರಡು ಸಲ ಅತ್ತಳು, ನಾನೂ ಅತ್ತೆ. ಹೊಟ್ಟೆ ಉರಿಯುತ್ತೆ ಸಾರ್ ನೋಡಿದ್ರೆ.

ಗುಮಾಸ್ತರು: ಏನಮ್ಮ ಇದು! ಸಾಲಿಗೆ ಆರು ತಪ್ಪು. ಇದನ್ನ ತಗೊಳ್ಳೋ ಹಾಗಿಲ್ಲ.

ತಾಯಿ: ಅದೇ ರೀ ಅವಳ ತೊಂದರೆ!

ಗುಮಾಸ್ತರು: ತೊಂದರೆ ಇದ್ರೆ ತಪ್ಪಿಲ್ಲದೆ ಬರೆದು ತಿಳಿಸಬೇಕು.

ತಾಯಿ: ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನೋದು ಸುಳ್ಳಲ್ಲ. ಕಾನೂನು ಕೊಡಿ ಅನ್ನುತ್ತೆ, ಡಾಕ್ಟರು ಕೊಡಿ ಅಂತಾರೆ, ನೀವು ಅಡ್ಡ ಕೂತಿದೀರಿ. ಸರಿ, ಕೊಡಬೇಡಿ. ಕೊಡಲ್ಲ ಅಂತ ಬರೆದು ಕೊಡಿ, ಕಾರಣ ಸಮೇತ. ಎಲ್ಲಿ ತೋರಿಸಬೇಕೋ ಅಲ್ಲಿ ತೋರಿಸ್ತೀನಿ.

(ಗುಮಾಸ್ತರ ಮುಖ ಬಿಳಿಚಿಕೊಂಡಿತು. ಬಾಯಲ್ಲಿ ಇಲ್ಲ ಎನ್ನುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ಕಾಗದದ ಮೇಲೆ ಇಲ್ಲ ಎಂದು ಅವರು ಇಲ್ಲಿಯತನಕ ಬರೆದದ್ದಿಲ್ಲ. ಎದ್ದು ಒಳಕೋಣೆಗೆ ಹೋಗಿ ಮುಖ್ಯೋಪಾಧ್ಯಾಯಿನಿಯನ್ನು ಕರೆತಂದರು.)

ಮುಖ್ಯೋಪಾಧ್ಯಾಯಿನಿ: ಬರೆದು ಕೊಡೋಣ, ಅದಕ್ಕೇನಂತೆ! ನಮಗೇನು ಭಯವಾ? ರೀ, ಬರ್ಕೊಳ್ಳಿ. "ಸದರಿ ವಿದ್ಯಾರ್ಥಿನಿಗೆ ಬರೆಯಲು ಆಗದಿರುವುದರಿಂದ, ಬರೆಯಲು ಆಗದವರಿಗೆ ಕೊಡುವ ಸಹಾಯವನ್ನು ಕೊಡಲಾಗುವುದಿಲ್ಲ." ಓದಿ.

(ಗುಮಾಸ್ತರು ಓದಿದರು. ಓದಿ ಮುಗಿಸಿ ಹಾಳೆಯನ್ನು ಮೇಡಮ್ ಕಡೆಗೆ ತಿರುಗಿಸಿದರು.)

ಮುಖ್ಯೋಪಾಧ್ಯಾಯಿನಿ: ಹೊಡೆದು ಹಾಕಿ. ಹೀಗೆ ಬರೀರಿ. "ಸದರಿ ವಿದ್ಯಾರ್ಥಿನಿ ತನ್ನ ಅರ್ಜಿಯನ್ನು ತಪ್ಪುತಪ್ಪಾಗಿ ಬರೆದಿರುವುದರಿಂದ, ಆಕೆಗೆ ಬರವಣಿಗೆಯ ತೊಂದರೆ ಇಲ್ಲವೆಂದು ತೀರ್ಮಾನಿಸಿ..." ಓದಿ.

ಗುಮಾಸ್ತರು: ಓದಲೇಬೇಕಾ ಮೇಡಮ್?

ಮುಖ್ಯೋಪಾಧ್ಯಾಯಿನಿ: ಅದನ್ನೂ ಹೊಡೆದು ಹಾಕಿ.

ಮಗಳು: ಅಮ್ಮಾ, ದೊಡ್ಡ ಮೇಡಮ್‌ಗೂ ಬರೆಯೋಕೆ ಆಗಲ್ವಾ?

ತಾಯಿ: ಶ್! ಹಂಗೆಲ್ಲ ಅನ್ನಬಾರದು.

ಮಗಳು: ಮತ್ತೆ ಅವರು ಹೇಳ್ತಾರೆ, ಸಾರ್ ಬರೀತಾರೆ. ಚಿತ್ತೂ ಆಯ್ತು. ಟೈಮೂ ಜಾಸ್ತಿ ತಗೊಂಡ್ರು.

ಮುಖ್ಯೋಪಾಧ್ಯಾಯಿನಿ (ಕೆಂಪಾಗಿ): ನಂಗೆ ಬರೆಯೋಕೆ ಚೆನ್ನಾಗೇ ಬರುತ್ತೆ! ಇದು ಕೆಲಸ ಸುಸೂತ್ರ ಆಗಲಿ ಅಂತ ಮಾಡ್ಕೊಂಡಿರೋ ಅನುಕೂಲ.

ತಾಯಿ: ಅದೇ ಅನುಕೂಲ ಮೇಡಮ್ ನಾವು ಕೇಳ್ತಿರೋದು. ನಿಮಗೆ ಅದು ದಿನಾ ಸಿಗುತ್ತೆ, ನನ್ನ ಮಗಳಿಗೆ ವರ್ಷಕ್ಕೊಂದು ಸಲ. ನಿಮ್ಮ ಅರ್ಜಿ ಯಾವ ಫೈಲಲ್ಲಿದೆ, ನೋಡ್ಕೊಂಡು ಅದೇ ಥರ ಬರೆಸ್ತೀನಿ.

(ಮುಖ್ಯೋಪಾಧ್ಯಾಯಿನಿ ಗುಮಾಸ್ತರ ಕೈಯಿಂದ ಪೆನ್ನು ಕಿತ್ತುಕೊಂಡರು. ತಿರಸ್ಕರಿಸಿ ಬರೆಯಲು ಹೊರಟವರು, ಆ ವಾಕ್ಯ ತಮ್ಮದೇ ಕೈಬರಹದಲ್ಲಿ, ತಮ್ಮದೇ ಸಹಿಯ ಮೇಲೆ ಊರೆಲ್ಲ ಸುತ್ತುವುದನ್ನು ಒಂದು ಗಳಿಗೆ ಯೋಚಿಸಿದರು. ಹುಡುಗಿಯ ನಾಲ್ಕು ಸಾಲಿನ ಹಾಳೆಯನ್ನೇ ಎಳೆದುಕೊಂಡು, ಕೆಳಗೆ "ಅನುಮತಿಸಿದೆ" ಎಂದು ಗೀಚಿ ಸಹಿ ಹಾಕಿದರು. ತಾಯಿ ಆ ಒಂದು ಪದವನ್ನು ಮೂರು ಸಲ ಓದಿ ಕಣ್ಣೊರೆಸಿಕೊಂಡಳು.)

ತಾಯಿ: ಸೋಮವಾರ ಬರೆಯೋಕೆ ಯಾರನ್ನ ಕಳಿಸ್ತೀರಿ ಮೇಡಮ್?

ಮುಖ್ಯೋಪಾಧ್ಯಾಯಿನಿ: ಇವರೇ ಇದಾರಲ್ಲ! ಹೇಳಿದ್ದನ್ನ ಒಂದಕ್ಷರ ಯೋಚನೆ ಮಾಡದೆ ಬರೆಯೋದರಲ್ಲಿ ಇವರನ್ನ ಮೀರಿಸೋರಿಲ್ಲ.

ಗುಮಾಸ್ತರು: ನಾನಾ? ಅಯ್ಯೋ, ಆ ಕೆಲಸಕ್ಕೆ ಹೋಗೋಕೆ ನಾನೂ ಒಂದು ಅರ್ಜಿ ಕೊಡಬೇಕಾಗುತ್ತೆ ಮೇಡಮ್! ಏನಂತ ಬರೆಯೋದೋ, ಒಂದೂ ತೋಚ್ತಿಲ್ಲ.

(ಹುಡುಗಿ ಬೆಂಚಿನಿಂದ ಇಳಿದು ಮೇಜಿನ ಹತ್ತಿರ ಬಂದಳು.)

ಮಗಳು: ಪೆನ್ನು ತಗೊಳ್ಳಿ ಸಾರ್. ನಾನು ಹೇಳ್ತೀನಿ.