ಒಂದು ಕುರ್ಚಿ, ಇಬ್ಬರು ಕಾರ್ಯದರ್ಶಿಗಳು

ನಾನು ಹೊನ್ನಾಳಿಯಲ್ಲಿ ವಕೀಲರ ಗುಮಾಸ್ತನಾಗಿದ್ದಾಗ ನಗು ಬರಿಸೋ ಕೇಸಿಗೆ ಬರವೇ ಇರಲಿಲ್ಲ. ನಗೋ ಹಾಗೆ ಮಾತ್ರ ಇರಲಿಲ್ಲ, ಕಕ್ಷಿದಾರರು ಎದುರಿಗೇ ಕೂತಿರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಸರ್ಕಾರ ಅಕ್ಕಪಕ್ಕದ ಹಳ್ಳಿಗಳ ಎರಡು ಸೊಸೈಟಿಗಳನ್ನು ಸೇರಿಸಿ ಒಂದು ಮಾಡಿತು. ಕಾರ್ಯದರ್ಶಿಗಳನ್ನು ಸೇರಿಸಿ ಒಬ್ಬರನ್ನು ಮಾಡೋ ಉಪಾಯ ಯಾರಿಗೂ ಹೊಳೆಯಲಿಲ್ಲ.

ಎರಡು ಸಹಿ

ಒಬ್ಬರು ಜಗಳೂರಿನವರು, ನಮ್ಮ ಕಕ್ಷಿದಾರರು. ಇನ್ನೊಬ್ಬರು ಚನ್ನಗಿರಿಯವರು. ನಮ್ಮವರು ಕೋರ್ಟಿನಿಂದ ತಡೆಯಾಜ್ಞೆ ತಂದರು, ಅವರು ಇಲಾಖೆಯಿಂದ ತಂದರು. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತರು. ಸಾಸ್ವೆಹಳ್ಳಿ ಕಡೆಯ ರೈತನೊಬ್ಬ ಗೊಬ್ಬರದ ಚೀಟಿ ಕೇಳಿದ. ಜಗಳೂರಿನವರು ಸಹಿ ಹಾಕಿದರು, ಚನ್ನಗಿರಿಯವರು ಅದನ್ನು ಹೊಡೆದು ಹಾಕಿ ತಮ್ಮದು ಹಾಕಿದರು. ಇವರು ಮತ್ತೆ ಅದನ್ನು ಹೊಡೆದರು. ಚೀಟಿಯಲ್ಲಿ ಜಾಗ ಮುಗಿಯಿತು.

"ಬಿಡ್ರಿ ಸಾಹೇಬ್ರೆ," ಅಂದ ರೈತ, "ನೀವು ತೀರ್ಮಾನ ಮಾಡೋ ಹೊತ್ತಿಗೆ ನನ್ನ ಎಮ್ಮೆನೇ ಗೊಬ್ಬರ ಕೊಟ್ಟಿರ್ತೈತೆ."

ಹಿರಿತನ

ಯಾರು ಮೊದಲು ನೇಮಕ ಆದರೋ ಅವರಿಗೇ ಹುದ್ದೆ ಅಂತ ಗೊತ್ತಾದ ಮೇಲೆ ನಮ್ಮ ಜಗಳೂರಿನವರು ಹಳೇ ನೇಮಕದ ಆದೇಶ ಒಂದನ್ನು ಹುಡುಕಿ ತಂದರು. ಕಾಗದ ಹಳೇದು, ಶಾಯಿ ಮಾತ್ರ ಘಮಘಮ ಅನ್ನುತ್ತಿತ್ತು. ಎದುರು ವಕೀಲರು ಹುಟ್ಟಿದ ದಿನ ನೋಡಿ ಬೆರಳು ಎಣಿಸಿದರು.

"ನೇಮಕ ಆದಾಗ ನಿಮಗೆ ಒಂಬತ್ತು ವರ್ಷ. ಆಫೀಸಿನಾಗೆ ಏನು ಮಾಡ್ತಿದ್ರಿ?"

ನಮ್ಮವರು ಅಂಜಲಿಲ್ಲ. "ಅಲ್ಲೇ ಗೋಲಿ ಆಡ್ತಿದ್ದೆ ಸ್ವಾಮಿ. ಆಗಿನ ಕಾರ್ಯದರ್ಶಿಗಿಂತ ಹೆಚ್ಚು ಹೊತ್ತು ಆಫೀಸಿನಾಗೆ ಇರ್ತಿದ್ದೋನು ನಾನೇ."

ಇಡೀ ಕೇಸಿನಲ್ಲಿ ಅವರು ಹೇಳಿದ ನಿಜ ಅದೊಂದೇ ಇರಬೇಕು.

ತೀರ್ಪು

ಇವರ ಜಗಳ ತಡೆಯಲಾರದೆ ಇಲಾಖೆ ಇಬ್ಬರನ್ನೂ ಹೊರಗೆ ಕೂರಿಸಿತು. ಕೇಸು ಮುಗಿಯೋ ತನಕ ಅಂತ ಸೊಸೈಟಿ ಅಧ್ಯಕ್ಷರ ಅಳಿಯ ಆ ಕುರ್ಚಿಗೆ ಬಂದ. ನ್ಯಾಮತಿಯವನು. ವಾಯಿದೆ ಮೇಲೆ ವಾಯಿದೆ ಬಿದ್ದು ಒಂಬತ್ತು ವರ್ಷ ಕಳೀತು. ಕೊನೆಗೆ ಚನ್ನಗಿರಿಯವರೇ ಕಾರ್ಯದರ್ಶಿ ಅಂತ ತೀರ್ಪು ಬಂತು. ಅವರಿಗೆ ಹಿಂದಿನ ತಿಂಗಳೇ ನಿವೃತ್ತಿಯ ವಯಸ್ಸು ಆಗಿತ್ತು. ತೀರ್ಪಿನ ನಕಲು ಹಿಡಿದು ಕೋರ್ಟಿನ ಮೆಟ್ಟಿಲ ಮೇಲೆ ಕೂತರು. ನಮ್ಮವರೂ ಹೋಗಿ ಪಕ್ಕದಲ್ಲೇ ಕೂತರು. ಒಂಬತ್ತು ವರ್ಷದಲ್ಲಿ ಮೊದಲ ಸಲ ಇಬ್ಬರೂ ಮಾತಾಡಿದರು.

"ಅಪೀಲು ಹೋಗ್ತೀರೇನ್ರಿ?" ಅಂದರು ಚನ್ನಗಿರಿಯವರು.

"ಸಾಕು ಮಾರಾಯ್ರೆ. ನನಗೂ ಉಳಿದಿರೋದು ಒಂದೇ ವರ್ಷ. ಮನೆಗೆ ಹೋಗೋಣ ನಡೀರಿ."

ಅಷ್ಟರಲ್ಲಿ ಬಸ್ಸಿಳಿದ ಅಳಿಯ ಓಡೋಡಿ ಬಂದು ನಮ್ಮವರ ಕಾಲು ಹಿಡಿದುಕೊಂಡ.

"ಹಂಗೆ ಕೈ ಬಿಡಬ್ಯಾಡ್ರಿ ಯಜಮಾನ್ರೆ, ಅಪೀಲು ಹಾಕ್ರಿ! ನೀವು ನ್ಯಾಯ ಕೇಳೋದು ನಿಲ್ಲಿಸಿದ್ರೆ ನನ್ನ ನೌಕರಿ ಹೋಗ್ತೈತೆ!"